ಎರಡೂವರೆ ಮಿಲಿಸೆಕೆಂಡಿನ ಗಡುವು

ಹೊಸ ರೇಸಿಂಗ್ ಸಿಮ್ಯುಲೇಟರ್ ಬರುತ್ತದೆ ಎಂದಾಗಲೆಲ್ಲ ಎರಡು ಪಟ್ಟಿಗಳು ಹೊರಬೀಳುತ್ತವೆ. ಮೊದಲನೆಯದು ಆಸೆ ಹುಟ್ಟಿಸುವ ಪಟ್ಟಿ: ಇಷ್ಟು ಕಾರು, ಇಷ್ಟು ಟ್ರ್ಯಾಕು, ಮಳೆ, ರಾತ್ರಿ, ಲೇಸರ್‌ನಿಂದ ಅಳೆದ ರಸ್ತೆ, ವಿಆರ್ ಹೆಡ್‌ಸೆಟ್‌ಗೆ ಬೆಂಬಲ. ಎರಡನೆಯದು ಜೇಬು ಮುಟ್ಟಿ ನೋಡಿಕೊಳ್ಳುವಂತೆ ಮಾಡುವ ಪಟ್ಟಿ: ಇಂಥ ಪ್ರೊಸೆಸರ್, ಇಷ್ಟು ಜಿಬಿ ರ‍್ಯಾಮ್, ಇಂಥ ಗ್ರಾಫಿಕ್ಸ್ ಕಾರ್ಡ್, ಡಿಸ್ಕಿನಲ್ಲಿ ಇಷ್ಟು ಜಾಗ. ಮೊದಲನೆಯದನ್ನು ಮತ್ತೆ ಮತ್ತೆ ಓದುತ್ತೇವೆ, ಎರಡನೆಯದನ್ನು ನಮ್ಮ ಕಂಪ್ಯೂಟರಿನೊಂದಿಗೆ ಹೋಲಿಸಿ ಉಸ್ಸೆನ್ನುತ್ತೇವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವವರು ಕಡಿಮೆ. ಹಾಗೆ ಓದಿದರೆ ಎರಡನೆಯ ಪಟ್ಟಿಯ ಪ್ರತಿ ಸಾಲಿಗೂ ಮೊದಲನೆಯದರಲ್ಲಿ ಕಾರಣ ಸಿಗುತ್ತದೆ. ಆ ಕಾರಣಗಳನ್ನೆಲ್ಲ ಹಿಂಬಾಲಿಸುತ್ತಾ ಹೋದರೆ ಕೊನೆಗೆ ತಲುಪುವುದು ಒಂದೇ ಕಡೆಗೆ: ಗಡಿಯಾರಕ್ಕೆ.

ಒಂದು ನಿಜವಾದ ಉದಾಹರಣೆಯನ್ನೇ ಎತ್ತಿಕೊಳ್ಳೋಣ. ಇಟಲಿಯ ರೋಮ್ ನಗರದ ಉತ್ತರಕ್ಕೆ ವಲ್ಲೆಲುಂಗಾ ಎಂಬ ರೇಸ್ ಟ್ರ್ಯಾಕ್ ಇದೆ. ಅಲ್ಲಿಯೇ ಕಚೇರಿ ಮಾಡಿಕೊಂಡು ಬೆಳೆದ ಸಂಸ್ಥೆ ಕುನೋಸ್ ಸಿಮುಲಾಜಿಯೋನಿ. ಅದರ ‘ಅಸೆಟ್ಟೊ ಕೊರ್ಸಾ’ 2014ರಲ್ಲಿ ಪೂರ್ಣರೂಪದಲ್ಲಿ ಬಂತು. 2019ರಲ್ಲಿ ಬಂದ ‘ಅಸೆಟ್ಟೊ ಕೊರ್ಸಾ ಕಾಂಪಿಟಿಜಿಯೋನೆ’ ಮುಖ್ಯವಾಗಿ ಜಿಟಿ3 ದರ್ಜೆಯ ರೇಸ್ ಕಾರುಗಳ ಆಟ. ಇದರ ಮುಂದಿನ ಆಟ ‘ಅಸೆಟ್ಟೊ ಕೊರ್ಸಾ ಇವೋ’ವನ್ನು ಪೂರ್ಣಗೊಳಿಸುವ ಮೊದಲೇ, 2025ರ ಜನವರಿ 16ರಂದು ಮಾರಾಟಕ್ಕೆ ಬಿಟ್ಟರು. ಆಗ ಅದರಲ್ಲಿದ್ದದ್ದು 20 ಕಾರು, 5 ಟ್ರ್ಯಾಕು: ಬ್ರಾಂಡ್ಸ್ ಹ್ಯಾಚ್, ಇಮೋಲಾ, ಲಗುನಾ ಸೆಕಾ, ಮೌಂಟ್ ಪನೋರಮಾ, ಸುಜುಕಾ. ಆಟ ಪೂರ್ಣಗೊಳ್ಳುವ ಹೊತ್ತಿಗೆ 100 ಕಾರು, 25 ಟ್ರ್ಯಾಕು ಕೊಡುತ್ತೇವೆ ಎಂಬುದು ಆಗಿನ ಗುರಿ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಿನ ಸುತ್ತಲಿನ 1,600 ಚದರ ಕಿಲೊಮೀಟರ್ ನಾಡನ್ನೇ ಮುಕ್ತವಾಗಿ ಸುತ್ತಾಡಲು ಬಿಡುವ ಯೋಜನೆಯನ್ನೂ ಪ್ರಕಟಿಸಿದ್ದರು. ಹಿಂದಿನ ಆಟಕ್ಕೆ ಬಳಸಿದ್ದ ಅನ್‌ರಿಯಲ್ ಎಂಜಿನ್ ಬಿಟ್ಟು, ತಮ್ಮದೇ ಸ್ವಂತ ಎಂಜಿನ್ ಕಟ್ಟಿಕೊಂಡರು.

ಇಂಥ ಭರವಸೆಗಳು ಕಂಪ್ಯೂಟರಿನ ಒಳಗೆ ಏನೇನು ಕೆಲಸವಾಗಿ ಬದಲಾಗುತ್ತವೆ ಎಂಬುದು ಈ ಅಧ್ಯಾಯದ ವಿಷಯ.

ನಿಲ್ಲದ ಗಡಿಯಾರ

ತೆರೆಯ ಮೇಲೆ ಕಾರು ಓಡುವುದನ್ನು ನೋಡಿದರೆ ಚಿತ್ರ ಬಿಡಿಸುವುದೇ ಕಂಪ್ಯೂಟರಿನ ಮುಖ್ಯ ಕೆಲಸ ಅನ್ನಿಸುತ್ತದೆ. ಆದರೆ ಸಿಮ್ಯುಲೇಟರಿನಲ್ಲಿ ಎರಡು ಕೆಲಸಗಳು ಬೇರೆ ಬೇರೆ ತಾಳದಲ್ಲಿ ನಡೆಯುತ್ತಿರುತ್ತವೆ. ಒಂದು, ಚಿತ್ರ ಬಿಡಿಸುವುದು. ಇನ್ನೊಂದು, ಕಾರು ಈ ಕ್ಷಣ ಎಲ್ಲಿದೆ, ಅದರ ನಾಲ್ಕು ಟೈರುಗಳ ಮೇಲೆ ಎಷ್ಟೆಷ್ಟು ಭಾರ ಬಿದ್ದಿದೆ, ಮುಂದಿನ ಕ್ಷಣ ಅದು ಎಲ್ಲಿರಬೇಕು ಎಂಬ ಭೌತಶಾಸ್ತ್ರದ ಲೆಕ್ಕ.

ಸೆಕೆಂಡಿಗೆ 60 ಚಿತ್ರ ಬಂದರೆ ಕಣ್ಣಿಗೆ ನಯವಾಗಿ ಕಾಣುತ್ತದೆ. ಲೆಕ್ಕಕ್ಕೆ ಅಷ್ಟು ಸಾಲುವುದಿಲ್ಲ. ಗಂಟೆಗೆ 144 ಕಿ.ಮೀ ವೇಗದ ಕಾರು ಸೆಕೆಂಡಿಗೆ 40 ಮೀಟರ್ ಹೋಗುತ್ತದೆ. ಸೆಕೆಂಡಿಗೆ 60 ಸಲ ಮಾತ್ರ ಲೆಕ್ಕ ಹಾಕಿದರೆ ಎರಡು ಲೆಕ್ಕಗಳ ನಡುವೆ ಕಾರು 67 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ತಿರುವಿನ ಅಂಚಿನ ಕರ್ಬಿನಲ್ಲಿ 20 ಸೆಂಟಿಮೀಟರ್ ಉದ್ದದ ಉಬ್ಬೊಂದಿದ್ದರೆ ಟೈರಿಗೆ ಅದು ಸಿಕ್ಕರೂ ಸಿಕ್ಕಿತು, ತಪ್ಪಿದರೂ ತಪ್ಪಿತು. ಒಂದು ಸುತ್ತಿನಲ್ಲಿ ಕಾರು ಎಗರುತ್ತದೆ, ಇನ್ನೊಂದು ಸುತ್ತಿನಲ್ಲಿ ಉಬ್ಬೇ ಇಲ್ಲವೇನೋ ಎಂಬಂತೆ ಸರಿದು ಹೋಗುತ್ತದೆ. ಸೆಕೆಂಡಿಗೆ 400 ಸಲ ಲೆಕ್ಕ ಹಾಕಿದರೆ ಹತ್ತು ಸೆಂಟಿಮೀಟರಿಗೊಮ್ಮೆ ರಸ್ತೆಯನ್ನು ಮುಟ್ಟಿ ನೋಡಿದಂತಾಗುತ್ತದೆ. ಉಬ್ಬು ತಪ್ಪಿಸಿಕೊಳ್ಳಲಾರದು.

ಹೀಗಾಗಿ ಸಿಮ್ಯುಲೇಟರುಗಳು ಭೌತಶಾಸ್ತ್ರದ ಲೆಕ್ಕವನ್ನು ಚಿತ್ರಕ್ಕಿಂತ ಬಹಳ ವೇಗವಾಗಿ ಓಡಿಸುತ್ತವೆ. ಮೊದಲ ‘ಅಸೆಟ್ಟೊ ಕೊರ್ಸಾ’ ಸೆಕೆಂಡಿಗೆ 333 ಸಲ, ಅಮೆರಿಕದ ‘ಐರೇಸಿಂಗ್’ 360 ಸಲ, ‘ಕಾಂಪಿಟಿಜಿಯೋನೆ’ 400 ಸಲ ಲೆಕ್ಕ ಹಾಕುತ್ತವೆ. ಕಾರಿನ ತಗಡು ನಜ್ಜುಗುಜ್ಜಾಗುವುದನ್ನೂ ಲೆಕ್ಕ ಹಾಕಿ ತೋರಿಸುವ ಜರ್ಮನಿಯ ‘ಬೀಮ್‌ಎನ್‌ಜಿ’ಯದು ಸೆಕೆಂಡಿಗೆ 2,000. ಸೆಕೆಂಡಿಗೆ 400 ಎಂದರೆ ಒಂದು ಸಲದ ಲೆಕ್ಕಕ್ಕೆ ಸಿಗುವ ಸಮಯ ಎರಡೂವರೆ ಮಿಲಿಸೆಕೆಂಡು. ಕಣ್ಣು ಒಮ್ಮೆ ಮಿಟುಕುವಷ್ಟರಲ್ಲಿ ಇಂಥ ನಲವತ್ತು ಲೆಕ್ಕಗಳಾದರೂ ಮುಗಿದಿರಬೇಕು.

ಗಡುವು ತಪ್ಪಿದರೆ ಏನಾಗುತ್ತದೆ? ಇದಕ್ಕೆ ಇತಿಹಾಸದಲ್ಲಿ ಸೊಗಸಾದ ಉದಾಹರಣೆಯಿದೆ. ಬ್ರಿಟನ್ನಿನ ಜೆಫ್ ಕ್ರಾಮಂಡ್ 1996ರಲ್ಲಿ ಹೊರತಂದ ‘ಗ್ರ್ಯಾಂಡ್ ಪ್ರಿ 2’ ಆಟದಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಬೇಕೆಂದು ಆಡುವವರೇ ನಿಗದಿ ಮಾಡಬೇಕಿತ್ತು. ಕೀಬೋರ್ಡಿನ ‘ಓ’ ಕೀಲಿ ಒತ್ತಿದರೆ ಪ್ರೊಸೆಸರ್ ಮೇಲೆ ಎಷ್ಟು ಶೇಕಡಾ ಹೊರೆಯಿದೆ ಎಂದು ತೆರೆಯ ಮೇಲೆ ಕಾಣುತ್ತಿತ್ತು. ಹೊರೆ ನೂರು ದಾಟಿದರೆ ಆಟ ಚಿತ್ರ ಹಾರಿಸುತ್ತಿರಲಿಲ್ಲ, ಕಾಲವನ್ನೇ ನಿಧಾನ ಮಾಡುತ್ತಿತ್ತು. ಆಟದೊಳಗಿನ ಗಡಿಯಾರದಲ್ಲಿ ಒಂದೂವರೆ ನಿಮಿಷದ ಸುತ್ತು, ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ. ತಿರುವಿನಲ್ಲಿ ಯೋಚಿಸಲು ಬೇಕಾದಷ್ಟು ಪುರಸೊತ್ತು! ಕಂಪ್ಯೂಟರ್ ಬಡವಾದಷ್ಟೂ ಚಾಲಕ ಚುರುಕಾಗುತ್ತಿದ್ದ. ಎರಡು ವರ್ಷದ ಬಳಿಕ ಅಮೆರಿಕದ ಪ್ಯಾಪಿರಸ್ ಸಂಸ್ಥೆಯ ‘ಗ್ರ್ಯಾಂಡ್ ಪ್ರಿ ಲೆಜೆಂಡ್ಸ್’ ಈ ಎರಡು ತಾಳಗಳನ್ನು ಸ್ಪಷ್ಟವಾಗಿ ಬೇರೆ ಮಾಡಿತು. ಚಿತ್ರ ಸೆಕೆಂಡಿಗೆ 36, ಲೆಕ್ಕ ಸೆಕೆಂಡಿಗೆ 288. ಚಿತ್ರ ತಡವಾದರೆ ಆಗಲಿ, ಲೆಕ್ಕ ನಿಲ್ಲಕೂಡದು. ಅದರ ಹಿಂದಿದ್ದ ಡೇವಿಡ್ ಕೇಮರ್ ಅವರೇ ಮುಂದೆ ‘ಐರೇಸಿಂಗ್’ ಕಟ್ಟಿದರು.

ನಾಲ್ಕು ಅಂಗೈ ರಬ್ಬರು

ಕಾರಿಗೂ ಭೂಮಿಗೂ ಇರುವ ಸಂಬಂಧ ನಾಲ್ಕು ಕಡೆ ಮಾತ್ರ. ಸಾಮಾನ್ಯ ಕಾರಿನಲ್ಲಿ ಪ್ರತಿ ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು ಒಂದು ಅಂಗೈ ಅಗಲ. ಎಂಜಿನ್ ಎಷ್ಟೇ ದೊಡ್ಡದಿರಲಿ, ಬ್ರೇಕ್ ಎಷ್ಟೇ ಬಲವಾಗಿರಲಿ, ಅವುಗಳ ಶಕ್ತಿ ನೆಲಕ್ಕೆ ಇಳಿಯುವುದು ಆ ಜಾಗದಲ್ಲೇ. ಸಿಮ್ಯುಲೇಟರಿನ ಘನತೆಯೂ ಅಲ್ಲೇ ತೀರ್ಮಾನವಾಗುತ್ತದೆ.

ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಮುಖ ಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ಸಣ್ಣ ವ್ಯತ್ಯಾಸ ಉಳಿಯುತ್ತದೆ. ಇದನ್ನು ಜಾರುಕೋನ ಎನ್ನೋಣ. ರಬ್ಬರು ಆ ವ್ಯತ್ಯಾಸದಷ್ಟು ತಿರುಚಿಕೊಂಡು ಕಾರನ್ನು ಪಕ್ಕಕ್ಕೆ ಎಳೆಯುತ್ತದೆ. ಕೋನ ಹೆಚ್ಚಿದಂತೆ ಎಳೆತ ಹೆಚ್ಚುತ್ತದೆ, ಕೆಲವು ಡಿಗ್ರಿಗಳ ಹೊತ್ತಿಗೆ ತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ರೇಸ್ ಚಾಲಕನ ಕಸುಬೆಲ್ಲ ಈ ತುದಿಯ ಆಸುಪಾಸಿನಲ್ಲಿ ಸುತ್ತು ಪೂರ್ತಿ ನಿಂತಿರುವುದು.

ಈ ಏರಿಳಿತದ ರೇಖೆಯನ್ನು ಗಣಿತಕ್ಕೆ ಒಗ್ಗಿಸಿದವರಲ್ಲಿ ದೊಡ್ಡ ಹೆಸರು ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಹಾನ್ಸ್ ಪಸೆಯ್ಕಾ ಅವರದು. 1980ರ ದಶಕದಲ್ಲಿ ಅವರು ವೋಲ್ವೊ ಕಂಪನಿಯ ಎಂಜಿನಿಯರುಗಳ ಜೊತೆಗೂಡಿ, ಪ್ರಯೋಗಶಾಲೆಯಲ್ಲಿ ಅಳೆದ ಟೈರಿನ ವರ್ತನೆಗೆ ಸರಿಹೊಂದುವ ಸೂತ್ರ ರೂಪಿಸಿದರು. ನಾಲ್ಕು ಅಂಕಿಗಳನ್ನು ಹೊಂದಿಸಿದರೆ ರೇಖೆಯ ಕಡಿದಾದ ಏರು, ಆಕಾರ, ಎತ್ತರ, ತುದಿಯ ಬಾಗು ಎಲ್ಲವೂ ಸಿಗುತ್ತದೆ. ಅಂಕಿಗಳು ಹೀಗೇ ಏಕೆ ಎನ್ನುವುದಕ್ಕೆ ಸೂತ್ರದೊಳಗೆ ವಿವರಣೆಯಿಲ್ಲ, ಆದರೆ ಉತ್ತರ ಸರಿ ಬರುತ್ತದೆ. ‘ಮ್ಯಾಜಿಕ್ ಫಾರ್ಮುಲಾ’ ಎಂಬ ಹೆಸರು ಬಿದ್ದದ್ದು ಹಾಗೆ. ಬ್ರೇಕ್ ಮತ್ತು ತಿರುವು ಒಟ್ಟಿಗೆ ಬಂದಾಗ, ಚಕ್ರ ವಾಲಿದಾಗ, ಭಾರ ಬದಲಾದಾಗ ಎಂದು ಸೇರಿಸುತ್ತಾ ಹೋದರೆ ಅಂಕಿಗಳು ನಾಲ್ಕರಿಂದ ಹತ್ತಾರಕ್ಕೆ ಏರುತ್ತವೆ.

ಭಾರದ ವಿಷಯ ವಿಶೇಷ. ಟೈರಿನ ಮೇಲೆ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಬರುತ್ತದೆ. ತಿರುವಿನಲ್ಲಿ ಭಾರ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸರಿದಾಗ, ಹೊರಗಿನವು ಗಳಿಸಿದ್ದಕ್ಕಿಂತ ಒಳಗಿನವು ಕಳೆದುಕೊಂಡದ್ದೇ ಹೆಚ್ಚು. ಕಾರಿನ ಮುಂದುಗಡೆ ಹೆಚ್ಚು ಭಾರ ಸರಿಯುವಂತೆ ಸಸ್ಪೆನ್ಷನ್ ಬಿಗಿ ಮಾಡಿದರೆ ಮೂತಿ ಹೊರಕ್ಕೆ ಎಳೆಯುತ್ತದೆ, ಹಿಂದುಗಡೆ ಬಿಗಿ ಮಾಡಿದರೆ ಬಾಲ ಬೀಸುತ್ತದೆ. ಆಟದ ಸೆಟಪ್ ಪುಟದಲ್ಲಿ ಒಂದೊಂದು ಮೆಟ್ಟಿಲು ಏರಿಸಿ ಇಳಿಸುವಾಗ ನಾವು ಮುಟ್ಟುತ್ತಿರುವುದು ಈ ತತ್ವವನ್ನೇ.

ಇದಕ್ಕೆ ಶಾಖ ಸೇರಿಸಿ. ರಬ್ಬರು ತಣ್ಣಗಿದ್ದರೆ ಹಿಡಿಯುವುದಿಲ್ಲ, ಅತಿಯಾಗಿ ಕಾದರೂ ಹಿಡಿಯುವುದಿಲ್ಲ. ಟೈರಿನ ಮೇಲ್ಮೈ ಶಾಖ ಬೇರೆ, ಒಳಗಿನ ಶಾಖ ಬೇರೆ, ಒಳಗಿನ ಗಾಳಿ ಕಾದಂತೆ ಒತ್ತಡ ಬೇರೆ. ಮಳೆ ಬಂದರೆ ರಸ್ತೆಯೂ ಲೆಕ್ಕದೊಳಗೆ ಬರುತ್ತದೆ: ಎಲ್ಲಿ ನೀರು ನಿಂತಿದೆ, ಯಾವ ಗೆರೆಯಲ್ಲಿ ಕಾರುಗಳು ಓಡಿ ಓಡಿ ಒಣಗಿಸಿವೆ, ಎಲ್ಲಿ ಹಳೆಯ ರಬ್ಬರು ಮೆತ್ತಿಕೊಂಡು ಒದ್ದೆಯಲ್ಲಿ ಇನ್ನಷ್ಟು ಜಾರುತ್ತಿದೆ. ಬಿಸಿಲಿನಲ್ಲಿ ವೇಗದ ಗೆರೆ ಯಾವುದೋ ಮಳೆಯಲ್ಲಿ ಅದೇ ಗೆರೆ ಕೈಕೊಡುತ್ತದೆ, ಚಾಲಕರು ಅದನ್ನು ಬಿಟ್ಟು ಹೊರಗೆ ಹೋಗಿ ತಿರುಗುತ್ತಾರೆ. ಇದನ್ನು ತೋರಿಸಬೇಕಾದರೆ ಇಡೀ ಟ್ರ್ಯಾಕನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಪ್ರತಿ ಚೌಕದ ನೀರು, ಶಾಖ, ರಬ್ಬರು ನೆನಪಿಟ್ಟುಕೊಳ್ಳಬೇಕು. ಪಟ್ಟಿಯಲ್ಲಿ ‘ಬದಲಾಗುವ ಹವಾಮಾನ’ ಎಂಬ ಎರಡು ಪದದ ಹಿಂದೆ ಇಷ್ಟೆಲ್ಲ ಇದೆ.

ಈಗ ಗುಣಿಸಿ ನೋಡಿ. ನಾಲ್ಕು ಟೈರು, ಸೆಕೆಂಡಿಗೆ 400 ಸಲ, ಕಂಪ್ಯೂಟರೇ ಓಡಿಸುವ ಎದುರಾಳಿಗಳು ಸೇರಿ 30 ಕಾರು: ಸೆಕೆಂಡಿಗೆ 48,000 ಟೈರು ಲೆಕ್ಕ. ಕೆಲವು ಆಟಗಳು ಎದುರಾಳಿ ಕಾರುಗಳಿಗೆ ಸರಳ ಲೆಕ್ಕ ಹಾಕಿ ಭಾರ ಇಳಿಸಿಕೊಳ್ಳುತ್ತವೆ. ಹಾಗೆ ಮಾಡದ ಆಟದಲ್ಲಿ ಒಬ್ಬರೇ ಓಡಿಸುವಾಗ ನಯವಾಗಿದ್ದ ಕಂಪ್ಯೂಟರು ರೇಸ್ ಶುರುವಾದೊಡನೆ ಏದುಸಿರು ಬಿಡುತ್ತದೆ.

ಮಿಲಿಮೀಟರು ಕಳೆದುಹೋಗುವ ಬಗೆ

ಹಿಂದೆ ಟ್ರ್ಯಾಕುಗಳನ್ನು ಫೋಟೊ, ನಕಾಶೆ ನೋಡಿ ಕಟ್ಟುತ್ತಿದ್ದರು. ಈಗ ಲೇಸರ್ ಯಂತ್ರವನ್ನು ಟ್ರ್ಯಾಕಿನ ಉದ್ದಕ್ಕೂ ಒಯ್ದು, ಬೆಳಕು ಹೋಗಿ ಬಡಿದು ಮರಳುವುದನ್ನು ಅಳೆದು, ಕೋಟಿಗಟ್ಟಲೆ ಬಿಂದುಗಳ ಮೋಡವೊಂದನ್ನು ತರುತ್ತಾರೆ. ಡಾಂಬರಿನ ತೇಪೆ, ಲಾರಿಗಳು ನಿಂತು ಮಾಡಿದ ತಗ್ಗು, ಕರ್ಬಿನ ಒಡಕು ಎಲ್ಲವೂ ಮಿಲಿಮೀಟರ್ ಲೆಕ್ಕದಲ್ಲಿ ಅದರಲ್ಲಿರುತ್ತದೆ. ಅದರಿಂದ ಎರಡು ರಸ್ತೆಗಳನ್ನು ತಯಾರಿಸುತ್ತಾರೆ: ಕಣ್ಣಿಗೆ ಕಾಣುವ ಒಂದು, ಟೈರು ಮಾತ್ರ ಮುಟ್ಟುವ ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಸೂಕ್ಷ್ಮವಾಗಿರುತ್ತದೆ. ನ್ಯೂರ್ಬರ್ಗ್‌ರಿಂಗಿನ ಉತ್ತರ ಸುತ್ತು ಒಂದೇ 20.8 ಕಿ.ಮೀ ಉದ್ದ. ಅದರ ಏರು, ಇಳಿವು, ಕುಣಿಗಳನ್ನು ಈ ಸೂಕ್ಷ್ಮತೆಯಲ್ಲಿ ಹಿಡಿದಿಟ್ಟರೆ ಡಿಸ್ಕಿನಲ್ಲಿ ಜಾಗ ಕೇಳುವುದು ಸಹಜ.

‘ಇವೋ’ ಯೋಜಿಸಿದಂತೆ 1,600 ಚದರ ಕಿಲೊಮೀಟರ್ ನಾಡು ಎಂದಾಗ ಇನ್ನೊಂದು ತೊಡಕು ತಲೆಯೆತ್ತುತ್ತದೆ. ಆಟಗಳು ಸ್ಥಾನವನ್ನು ಸಾಮಾನ್ಯವಾಗಿ 32 ಬಿಟ್‌ನ ದಶಮಾಂಶ ಸಂಖ್ಯೆಯಲ್ಲಿ ಬರೆದಿಡುತ್ತವೆ. ಅಂಥ ಸಂಖ್ಯೆಯಲ್ಲಿ ನಿಖರತೆಗೆ ಸಿಗುವುದು 24 ಬಿಟ್ಟು. ಆರಂಭದ ಬಿಂದುವಿನಿಂದ ಒಂದು ಕಿಲೊಮೀಟರಿನೊಳಗೆ ಅದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಸೂಕ್ಷ್ಮವಾಗಿ ಹೇಳಬಲ್ಲದು. 20 ಕಿಲೊಮೀಟರ್ ದೂರ ಹೋದರೆ ಎರಡು ಅಕ್ಕಪಕ್ಕದ ಸಂಖ್ಯೆಗಳ ನಡುವಿನ ಅಂತರ ಸುಮಾರು 2 ಮಿಲಿಮೀಟರ್, 40 ಕಿಲೊಮೀಟರಿನಲ್ಲಿ ಸುಮಾರು 4 ಮಿಲಿಮೀಟರ್. ಲಕ್ಷಗಟ್ಟಲೆ ಖರ್ಚು ಮಾಡಿ ಲೇಸರ್‌ನಲ್ಲಿ ಅಳೆದು ತಂದ ಮಿಲಿಮೀಟರು, ಸಂಖ್ಯೆ ಬರೆಯುವ ಪದ್ಧತಿಯಲ್ಲೇ ಸೋರಿಹೋಯಿತು! ಟೈರು ಮೆಟ್ಟಿಲು ಮೆಟ್ಟಿಲಾಗಿ ಹಾರುತ್ತದೆ, ಸ್ಟೀರಿಂಗ್ ನಡುಗುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಒಂದು, 64 ಬಿಟ್ಟಿನ ಸಂಖ್ಯೆ ಬಳಸಿ ಹೆಚ್ಚಿನ ಹೊರೆ ಹೊರುವುದು. ಇನ್ನೊಂದು, ಕಾರು ದೂರ ಹೋದಂತೆ ಆರಂಭದ ಬಿಂದುವನ್ನೇ ಅದರ ಬಳಿಗೆ ಎಳೆದು ತರುವುದು. ಆಗ ಜಗತ್ತೇ ಹಿಂದಕ್ಕೆ ಸರಿಯುತ್ತದೆ, ಕಾರು ಸೊನ್ನೆಯ ಹತ್ತಿರವೇ ಉಳಿಯುತ್ತದೆ.

ದೊಡ್ಡ ಜಗತ್ತು ಇಡಿಯಾಗಿ ರ‍್ಯಾಮಿನಲ್ಲಿ ಹಿಡಿಸುವುದೂ ಇಲ್ಲ. ಗಂಟೆಗೆ 250 ಕಿ.ಮೀ ವೇಗದಲ್ಲಿ ಕಾರು ಸೆಕೆಂಡಿಗೆ 69 ಮೀಟರ್ ನುಂಗುತ್ತದೆ, ಮುಂದಿನ ಕಾಡು, ಮನೆ, ಬೇಲಿ ಎಲ್ಲವೂ ಅಷ್ಟರಲ್ಲಿ ಡಿಸ್ಕಿನಿಂದ ಬಂದಿರಬೇಕು. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರೈವತ್ತು ಎಂಬಿಯ ಆಸುಪಾಸು ಓದಿದರೆ, ಎನ್‌ವಿಎಂಇ ಎಸ್‌ಎಸ್‌ಡಿಗಳು ಸಾವಿರಾರು ಎಂಬಿ ಓದುತ್ತವೆ. ಹೊಸ ಆಟಗಳ ಪಟ್ಟಿಯಲ್ಲಿ ಎಸ್‌ಎಸ್‌ಡಿ ಕಡ್ಡಾಯವಾಗುತ್ತಿರುವುದಕ್ಕೆ ಇದೇ ಕಾರಣ.

ಲೆಕ್ಕದವನೂ ಚಿತ್ರದವನೂ

ಕಂಪ್ಯೂಟರಿನೊಳಗೆ ಈ ಕೆಲಸಗಳು ಇಬ್ಬರ ನಡುವೆ ಹಂಚಿಹೋಗಿವೆ. ಚಿತ್ರ ಗ್ರಾಫಿಕ್ಸ್ ಕಾರ್ಡಿನ ಪಾಲು. ಅಲ್ಲಿ ಲಕ್ಷಗಟ್ಟಲೆ ಪಿಕ್ಸೆಲ್‌ಗಳು ಒಂದನ್ನೊಂದು ಕಾಯದೆ ಏಕಕಾಲಕ್ಕೆ ತಯಾರಾಗಬಹುದು. ಭೌತಶಾಸ್ತ್ರ ಪ್ರೊಸೆಸರಿನ ಪಾಲು. ಇಲ್ಲಿ ಒಂದರ ಬೆನ್ನಿಗೆ ಒಂದು: ರಸ್ತೆ ತಿಳಿಯದೆ ಸ್ಪ್ರಿಂಗಿನ ಒತ್ತಡ ತಿಳಿಯದು, ಅದು ತಿಳಿಯದೆ ಟೈರಿನ ಹಿಡಿತ ತಿಳಿಯದು, ಅದು ತಿಳಿಯದೆ ಕಾರಿನ ಮುಂದಿನ ಸ್ಥಾನ ತಿಳಿಯದು. ಹದಿನಾರು ಕೋರ್‌ಗಳಿದ್ದರೂ ಈ ಸರಪಳಿಯನ್ನು ಹದಿನಾರು ತುಂಡು ಮಾಡಲಾಗದು. ಬೇಕಾದ್ದು ಒಂದೊಂದು ಕೋರಿನ ಚುರುಕು, ಮತ್ತು ಮಾಹಿತಿ ಕೈಗೆಟುಕುವ ದೂರದಲ್ಲಿರುವುದು.

ಇದಕ್ಕೆ 2022ರ ಏಪ್ರಿಲ್‌ನಲ್ಲಿ ಎಎಂಡಿ ಬಿಡುಗಡೆ ಮಾಡಿದ ರೈಜೆನ್ 7 5800ಎಕ್ಸ್3ಡಿ ಒಳ್ಳೆಯ ಸಾಕ್ಷಿ. ಅದರ ಅಣ್ಣ 5800ಎಕ್ಸ್‌ನ ಗರಿಷ್ಠ ವೇಗ 4.7 ಗಿಗಾಹರ್ಟ್ಸ್, ತಮ್ಮನದು 4.5. ಕಾಗದದ ಮೇಲೆ ತಮ್ಮನೇ ನಿಧಾನ. ಆದರೆ ಪ್ರೊಸೆಸರಿನೊಳಗಿನ ಕ್ಯಾಶ್ ಮೆಮೊರಿ ಅಣ್ಣನಲ್ಲಿ 32 ಎಂಬಿ ಇದ್ದರೆ ತಮ್ಮನಲ್ಲಿ 96 ಎಂಬಿ. ರಸ್ತೆಯ ಉಬ್ಬುತಗ್ಗು, ಟೈರಿನ ಸ್ಥಿತಿ, ಮೂವತ್ತು ಕಾರುಗಳ ವಿವರ ಹೆಚ್ಚಾಗಿ ಅಲ್ಲೇ ಉಳಿಯುವುದರಿಂದ ಪದೇ ಪದೇ ರ‍್ಯಾಮಿಗೆ ಹೋಗಿ ಕಾಯುವುದು ತಪ್ಪುತ್ತದೆ. ರೇಸಿಂಗ್ ಸಿಮ್ಯುಲೇಟರುಗಳಲ್ಲಿ ತಮ್ಮನೇ ಮುಂದೆ ಓಡಿದ.

ಗ್ರಾಫಿಕ್ಸ್ ಕಾರ್ಡಿನ ಕಥೆ ಬೇರೆ. ಅಲ್ಲಿ ಪಿಕ್ಸೆಲ್‌ಗಳ ಲೆಕ್ಕವೇ ಮುಖ್ಯ. ಸಾಮಾನ್ಯ ಫುಲ್ ಎಚ್‌ಡಿ ತೆರೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. ಸಿಮ್ ರೇಸಿಂಗ್ ಹುಚ್ಚು ಹತ್ತಿದವರು ಇಡುವ ಮೂರು 1440ಪಿ ತೆರೆಗಳಲ್ಲಿ ಒಟ್ಟು 1.1 ಕೋಟಿ. ಐದು ಪಟ್ಟಿಗಿಂತ ಹೆಚ್ಚು! ಜೊತೆಗೆ ಅಕ್ಕಪಕ್ಕದ ತೆರೆಗಳು ಓರೆಯಾಗಿರುವುದರಿಂದ ನೋಟ ಸರಿಯಾಗಬೇಕಾದರೆ ಪ್ರತಿ ತೆರೆಗೂ ಬೇರೆ ಕ್ಯಾಮೆರಾ ಬೇಕು, ಇಡೀ ದೃಶ್ಯವನ್ನು ಮೂರು ಸಲ ಬಿಡಿಸಬೇಕು. ವಿಆರ್ ಹೆಡ್‌ಸೆಟ್‌ನಲ್ಲಿ ಕಣ್ಣಿಗೊಂದರಂತೆ ಎರಡು ಸಲ. ಮೆಟಾ ಕ್ವೆಸ್ಟ್ 3ರಲ್ಲಿ ಎರಡೂ ಕಣ್ಣು ಸೇರಿ 91 ಲಕ್ಷ ಪಿಕ್ಸೆಲ್, ಸೆಕೆಂಡಿಗೆ 90 ಚಿತ್ರವೆಂದರೆ ಒಂದೊಂದಕ್ಕೂ 11 ಮಿಲಿಸೆಕೆಂಡು. ಇಲ್ಲಿ ತಡವಾದರೆ ತಲೆ ತಿರುಗುತ್ತದೆ, ಹೊಟ್ಟೆ ತೊಳಸುತ್ತದೆ.

ಎಷ್ಟೋ ಜನ ಗಮನಿಸದ ಖರ್ಚೊಂದಿದೆ: ಕನ್ನಡಿ. ಪಕ್ಕದ ಎರಡು ಕನ್ನಡಿ, ಒಳಗಿನ ಒಂದು ಕನ್ನಡಿ, ಪ್ರತಿಯೊಂದೂ ಹಿಂದಕ್ಕೆ ನೋಡುವ ಇನ್ನೊಂದು ಕ್ಯಾಮೆರಾ. ಹಿಂದೆ ಇಪ್ಪತ್ತು ಕಾರು ಬರುತ್ತಿದ್ದರೆ ಅವನ್ನೆಲ್ಲ ಮತ್ತೆ ಬಿಡಿಸಬೇಕು. ಅನುಭವಿಗಳು ಚಿತ್ರ ತೊದಲಿದರೆ ಮೊದಲು ಕೈ ಹಾಕುವುದು ಕನ್ನಡಿಯ ಗುಣಮಟ್ಟಕ್ಕೆ.

ಕಾರ್ಡಿನ ಮೆಮೊರಿ ಏಕೆ ಅಷ್ಟು ಬೇಕು? ಕಾರಿನ ಮೈಗೆ ಹೊದಿಸುವ ಚಿತ್ರ 4096 × 4096 ಪಿಕ್ಸೆಲ್‌ನದಾದರೆ, ಕುಗ್ಗಿಸದೆ ಇಟ್ಟಾಗ ಅದೊಂದೇ 64 ಎಂಬಿ. ಕುಗ್ಗಿಸಿದರೂ 16 ಎಂಬಿ. ಬಣ್ಣ, ಹೊಳಪು, ಉಬ್ಬು ಎಂದು ಒಂದು ಭಾಗಕ್ಕೇ ಮೂರ್ನಾಲ್ಕು ಚಿತ್ರ. ಬೇರೆ ಬೇರೆ ಬಣ್ಣದ ಮೂವತ್ತು ಕಾರು, ಅದರ ಮೇಲೆ ಟ್ರ್ಯಾಕು. ಗಿಗಾಬೈಟುಗಳು ಕರಗುವುದು ಹೀಗೆ.

ಇತ್ತೀಚೆಗೆ ಕಾರ್ಡುಗಳೇ ಎರಡು ಚಿತ್ರಗಳ ನಡುವೆ ಮೂರನೆಯದನ್ನು ಊಹಿಸಿ ತುಂಬುತ್ತವೆ. ಎನ್‌ವಿಡಿಯಾ ಇದನ್ನು 2022ರಲ್ಲಿ ತಂದಿತು. ಕಣ್ಣಿಗೆ ನಯ ಹೆಚ್ಚುವುದು ನಿಜ. ಆದರೆ ಆ ನಡುವಿನ ಚಿತ್ರದಲ್ಲಿ ನಿಮ್ಮ ಸ್ಟೀರಿಂಗಿನ ಚಲನೆ ಸೇರಿಲ್ಲ. ಅದನ್ನು ಊಹಿಸಲು ಮುಂದಿನ ಚಿತ್ರ ಬರುವವರೆಗೂ ಕಾಯಬೇಕಾದ್ದರಿಂದ ಪ್ರತಿಕ್ರಿಯೆ ಇನ್ನಷ್ಟು ತಡ. ಜಾಹೀರಾತಿನ ಅಂಕಿಗೆ ಮರುಳಾಗಬೇಡಿ.

ಕೈಗೆ ತಿಳಿಯುವುದು, ಕಾಲಿಗೆ ತಿಳಿಯುವುದು

ನಿಜವಾದ ಕಾರಿನಲ್ಲಿ ಚಾಲಕನ ಬೆನ್ನಿಗೆ, ಒಳಗಿವಿಗೆ ಕಾರು ಜಾರುವುದು ತಿಳಿಯುತ್ತದೆ. ಮನೆಯ ಕುರ್ಚಿಯಲ್ಲಿ ಕೂತವನಿಗೆ ಆ ಸುದ್ದಿ ತಲುಪುವುದು ಹೆಚ್ಚಾಗಿ ಕೈಗಳ ಮೂಲಕ. ಅದರ ಹಿಂದಿನ ಭೌತಶಾಸ್ತ್ರ ಸೊಗಸಾಗಿದೆ. ತಿರುವಿನಲ್ಲಿ ಟೈರಿನ ಪಕ್ಕದ ಎಳೆತ ನೆಲ ಮುಟ್ಟುವ ಜಾಗದ ನಟ್ಟನಡುವೆ ಬೀಳದೆ ಸ್ವಲ್ಪ ಹಿಂದೆ ಬೀಳುತ್ತದೆ. ಆ ಸಣ್ಣ ಅಂತರ ಸನ್ನೆಯಂತೆ ಕೆಲಸ ಮಾಡಿ ಚಕ್ರವನ್ನು ನೇರಕ್ಕೆ ತಿರುಗಿಸಲು ನೋಡುತ್ತದೆ. ಸ್ಟೀರಿಂಗ್ ಭಾರವಾಗುವುದು ಅದರಿಂದ. ಜಾರುಕೋನ ಹೆಚ್ಚಿದಂತೆ ಎಳೆತ ಇನ್ನೂ ಏರುತ್ತಿರುವಾಗಲೇ ಆ ಅಂತರ ಕುಗ್ಗತೊಡಗುತ್ತದೆ. ಹಿಡಿತ ತುದಿ ಮುಟ್ಟುವ ಮೊದಲೇ ಸ್ಟೀರಿಂಗ್ ಹಗುರಾಗುತ್ತದೆ. ಇದು ಟೈರು ಕೊಡುವ ಮುನ್ಸೂಚನೆ. ನುರಿತವರು ಆ ಕ್ಷಣದಲ್ಲಿ ಇನ್ನಷ್ಟು ತಿರುಗಿಸದೆ ಕೈ ತಡೆಯುತ್ತಾರೆ, ಹೊಸಬರು ಕಾರು ತಿರುಗುತ್ತಿಲ್ಲವೆಂದು ಮತ್ತಷ್ಟು ತಿರುಗಿಸಿ ಮರಳಿಗೆ ಬೀಳುತ್ತಾರೆ.

ಈ ಹಗುರನ್ನು ಕೈಗೆ ತಲುಪಿಸುವುದು ಸ್ಟೀರಿಂಗ್ ಯಂತ್ರದ ಕೆಲಸ. ಲಾಜಿಟೆಕ್ ಜಿ29ರಂಥ ಆರಂಭದ ಹಂತದ ಯಂತ್ರದಲ್ಲಿ ಸಣ್ಣ ಮೋಟರಿನ ಬಲವನ್ನು ಹಲ್ಲುಚಕ್ರಗಳು ಹೆಚ್ಚಿಸಿ ಕೊಡುತ್ತವೆ. ಸಿಗುವ ತಿರುಚುಬಲ ಎರಡು ನ್ಯೂಟನ್-ಮೀಟರಿನ ಆಸುಪಾಸು, ಜೊತೆಗೆ ಹಲ್ಲುಗಳ ಸಡಿಲ ಮತ್ತು ಉಜ್ಜಾಟ ಸೂಕ್ಷ್ಮವನ್ನು ನುಂಗುತ್ತವೆ. ಡೈರೆಕ್ಟ್ ಡ್ರೈವ್ ಯಂತ್ರಗಳಲ್ಲಿ ಸ್ಟೀರಿಂಗ್ ನೇರವಾಗಿ ಮೋಟರಿನ ದಂಡಕ್ಕೇ ಕೂತಿರುತ್ತದೆ. ಕೆಲವೇ ನ್ಯೂಟನ್-ಮೀಟರಿನಿಂದ ಶುರುವಾಗಿ 25ಕ್ಕೂ ಮೇಲಿನವರೆಗೆ ಸಿಗುತ್ತವೆ. ಆಟದಲ್ಲಿ ಕಾರು ಗೋಡೆಗೆ ಗುದ್ದಿದಾಗ ಇಪ್ಪತ್ತೈದರ ಯಂತ್ರ ಹೆಬ್ಬೆರಳು ಮುರಿಯಬಲ್ಲದು. ಮನೆಗೆ ಎಂಟೋ ಹತ್ತೋ ಧಾರಾಳ.

ಬ್ರೇಕಿನದು ಇನ್ನೂ ಮುಖ್ಯ. ಅಗ್ಗದ ಪೆಡಲ್ ಅಳೆಯುವುದು ಅದು ಎಷ್ಟು ದೂರ ಕೆಳಗಿಳಿಯಿತು ಎಂಬುದನ್ನು. ರೇಸ್ ಕಾರಿನ ಪೆಡಲ್ ಹೆಚ್ಚು ಇಳಿಯುವುದೇ ಇಲ್ಲ, ಎಷ್ಟು ಬಲದಿಂದ ಒದೆಯುತ್ತೀರಿ ಎಂಬುದರ ಮೇಲೆ ಅದರ ಕೆಲಸ ನಿಂತಿದೆ. ಸ್ನಾಯುಗಳಿಗೂ ದೂರಕ್ಕಿಂತ ಬಲ ಚೆನ್ನಾಗಿ ನೆನಪಿರುತ್ತದೆ. ಲೋಡ್ ಸೆಲ್ ಇರುವ ಪೆಡಲ್‌ನಲ್ಲಿ ಲೋಹದ ತುಂಡೊಂದು ಒತ್ತಡಕ್ಕೆ ಕೂದಲೆಳೆಯಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯೇ ಬ್ರೇಕಿನ ಅಳತೆ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿರುವುದೂ ಇದೇ ತಂತ್ರ.

ಕುರ್ಚಿಯನ್ನೇ ಅಲುಗಾಡಿಸುವ ಆರು ಕಾಲಿನ ವೇದಿಕೆಯ ಮೂಲ ಕುತೂಹಲಕರ. ಅದನ್ನು 1965ರಲ್ಲಿ ವಿಮಾನ ಸಿಮ್ಯುಲೇಟರಿಗಾಗಿ ಪ್ರಸ್ತಾಪಿಸಿದ ಸ್ಟೀವರ್ಟ್ ಅವರ ಹೆಸರಿನಿಂದ ಕರೆಯುವುದು ರೂಢಿ. ಆದರೆ ಅದಕ್ಕೂ ಮೊದಲೇ, 1950ರ ದಶಕದಲ್ಲಿ, ಬ್ರಿಟನ್ನಿನ ಡನ್‌ಲಪ್ ಕಾರ್ಖಾನೆಯಲ್ಲಿ ಎರಿಕ್ ಗಫ್ ಇಂಥದೇ ಯಂತ್ರ ನಿಲ್ಲಿಸಿದ್ದರು. ಅದರ ಕೆಲಸ ಟೈರು ಪರೀಕ್ಷೆ!

ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ

ಎಷ್ಟೇ ಹಣ ಸುರಿದರೂ ಕೊಳ್ಳಲಾಗದ ಮಿಲಿಸೆಕೆಂಡುಗಳೂ ಇವೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ ಸಾಗುತ್ತದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರ ದೂರ ಸುಮಾರು 7,400 ಕಿ.ಮೀ. ಹೋಗಿ ಬರಲು ಕನಿಷ್ಠ 74 ಮಿಲಿಸೆಕೆಂಡು. ಸಮುದ್ರದಡಿಯ ಕೇಬಲ್ ನೇರವಾಗಿ ಹೋಗುವುದಿಲ್ಲವಾದ್ದರಿಂದ ನಿಜದಲ್ಲಿ ನೂರು ದಾಟುತ್ತದೆ. ನೂರು ಮಿಲಿಸೆಕೆಂಡಿನಲ್ಲಿ, ಗಂಟೆಗೆ 200 ಕಿ.ಮೀ ವೇಗದ ಕಾರು ಐದೂವರೆ ಮೀಟರ್ ಹೋಗುತ್ತದೆ. ಅದು ಒಂದು ಕಾರಿನ ಉದ್ದಕ್ಕಿಂತ ಹೆಚ್ಚು. ಯುರೋಪಿನ ಸರ್ವರ್‌ನಲ್ಲಿ ನಿಮ್ಮ ಪಕ್ಕ ಕಾಣುವ ಎದುರಾಳಿ, ಹಳೆಯ ಸುದ್ದಿಯಿಂದ ನಿಮ್ಮ ಕಂಪ್ಯೂಟರ್ ಊಹಿಸಿ ನಿಲ್ಲಿಸಿದ ಕಾರು. ಮುಟ್ಟದೆಯೇ ಗುದ್ದಿದಂತಾಗುವುದು ಇದರಿಂದ. ಹತ್ತಿರದ ಸರ್ವರ್‌ನಲ್ಲಿ ಆಡುವುದು, ದೂರದ್ದಾದರೆ ಪಕ್ಕಕ್ಕೆ ಹೆಚ್ಚು ಜಾಗ ಬಿಡುವುದು, ಇವೆರಡೇ ದಾರಿ.

ಪಟ್ಟಿಯನ್ನು ಓದುವ ಕ್ರಮ

ಇಷ್ಟು ತಿಳಿದ ಮೇಲೆ ಎರಡನೆಯ ಪಟ್ಟಿಗೆ ಮರಳೋಣ. ‘ಕಾಂಪಿಟಿಜಿಯೋನೆ’ ಬಂದಾಗ ಕನಿಷ್ಠ ಎಂದು ಬರೆದದ್ದು 4 ಜಿಬಿ ರ‍್ಯಾಮ್, ಶಿಫಾರಸು ಎಂದು ಬರೆದದ್ದು 16 ಜಿಬಿ. ನಾಲ್ಕು ಪಟ್ಟು ಅಂತರ. ‘ಕನಿಷ್ಠ’ ಎಂದರೆ ಆಟ ತೆರೆದುಕೊಳ್ಳುತ್ತದೆ, ಒಬ್ಬರೇ ಸುತ್ತು ಹಾಕಬಹುದು. ‘ಶಿಫಾರಸು’ ಎಂದರೆ ಒಂದು ಸಾಧಾರಣ ತೆರೆಯಲ್ಲಿ ನೆಮ್ಮದಿಯ ಆಟ. ಮೂರು ತೆರೆ, ವಿಆರ್, ಮಳೆಯ ರಾತ್ರಿಯಲ್ಲಿ ಮೂವತ್ತು ಕಾರು ಇವು ಆ ಪಟ್ಟಿಯ ಹೊರಗಿನ ಮಾತು.

ನಿಮ್ಮ ಕಂಪ್ಯೂಟರ್ ಎಲ್ಲಿ ಸೋಲುತ್ತಿದೆ ಎಂದು ಕಂಡುಕೊಳ್ಳುವುದು ಕಷ್ಟವಲ್ಲ. ಚಿತ್ರದ ಗುಣಮಟ್ಟ ಇಳಿಸಿ ನೋಡಿ. ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ ಏರಿದರೆ ಸೋಲುತ್ತಿರುವುದು ಗ್ರಾಫಿಕ್ಸ್ ಕಾರ್ಡು. ಏರದಿದ್ದರೆ ಎದುರಾಳಿ ಕಾರುಗಳನ್ನು ಕಡಿಮೆ ಮಾಡಿ ನೋಡಿ, ಆಗ ಏರಿದರೆ ಪ್ರೊಸೆಸರು.

ಖರ್ಚಿಗೆ ಮೊದಲು ಖರ್ಚಿಲ್ಲದ ಕೆಲಸ ಮಾಡಿ: ನೋಟದ ಕೋನ ಸರಿಪಡಿಸಿ. 27 ಇಂಚಿನ ತೆರೆಯ ಮುಂದೆ 70 ಸೆಂಟಿಮೀಟರ್ ದೂರ ಕೂತರೆ ಅದು ನಿಮ್ಮ ಕಣ್ಣಿನಲ್ಲಿ ತುಂಬುವುದು ಅಡ್ಡಕ್ಕೆ 46 ಡಿಗ್ರಿ ಮಾತ್ರ. ಆಟದಲ್ಲೂ ಅಷ್ಟೇ ಇಟ್ಟರೆ ತಿರುವುಗಳು ನಿಜವಾದ ದೂರದಲ್ಲಿ ಕಾಣುತ್ತವೆ. ಆರಂಭದಲ್ಲಿ ಇಕ್ಕಟ್ಟೆನಿಸಿದರೂ ಬ್ರೇಕ್ ಹಾಕುವ ಜಾಗ ಬೇಗ ಪಳಗುತ್ತದೆ. ಹಣ ಹಾಕುವುದಾದರೆ ಮೊದಲು ಲೋಡ್ ಸೆಲ್ ಬ್ರೇಕಿಗೆ, ಆಮೇಲೆ ಸ್ಟೀರಿಂಗಿಗೆ, ಆಮೇಲೆ ಪ್ರೊಸೆಸರಿಗೆ, ಕೊನೆಗೆ ಗ್ರಾಫಿಕ್ಸ್ ಕಾರ್ಡು ಮತ್ತು ತೆರೆಗಳಿಗೆ. ಪೆಡಲು, ಸ್ಟೀರಿಂಗು ಹತ್ತು ವರ್ಷ ಬಾಳುತ್ತವೆ, ಕಾರ್ಡು ನಾಲ್ಕೇ ವರ್ಷಕ್ಕೆ ಹಳತಾಗುತ್ತದೆ.

ಬರಲಿರುವ ಆಟದ ಪಟ್ಟಿ ನೋಡಿ ಇಂದೇ ಕಂಪ್ಯೂಟರ್ ಕೊಳ್ಳಲು ಹೋಗಬೇಡಿ. ಪೂರ್ಣಗೊಳ್ಳದ ಆಟದ ಬೇಡಿಕೆಗಳು ಪ್ರತಿ ಪರಿಷ್ಕರಣೆಯಲ್ಲೂ ಬದಲಾಗುತ್ತವೆ, ಭರವಸೆಗಳೂ ಬದಲಾಗುತ್ತವೆ. ಆಟ ಬರಲಿ, ಇದ್ದ ಕಂಪ್ಯೂಟರಿನಲ್ಲೇ ಓಡಿಸಿ ನೋಡಿ, ಎಲ್ಲಿ ಸೋಲುತ್ತದೋ ಆ ಭಾಗವೊಂದನ್ನೇ ಬದಲಿಸಿ.